ಮುಷ್ಟಿ ಎತ್ತಿದವರು

ಇಪ್ಪತ್ತು ವರ್ಷ ಗಣಿತ ಪಾಠ ಮಾಡಿದ ಮಾಲಾ, ಚಿಕ್ಕಬಳ್ಳಾಪುರದ ತರಬೇತಿ ಹಾಲಿನಲ್ಲಿ ಹಿಂದಿನ ಬೆಂಚು ಹುಡುಕಿಕೊಂಡು ಕೂತಳು. ಹಿಂದೆ ಕೂತ ಮಕ್ಕಳನ್ನು ಜನ್ಮವಿಡೀ ಗದರಿಸಿದವಳಿಗೆ ಆ ಜಾಗದಲ್ಲಿ ಎಷ್ಟು ನೆಮ್ಮದಿ ಇದೆ ಎಂಬುದು ಈ ವಯಸ್ಸಿನಲ್ಲಿ ಗೊತ್ತಾಯಿತು. ಮುಂದಿನವರ ಬೆನ್ನಿನ ಮರೆಯಲ್ಲಿ ಮುಖ ಅಡಗಿಸಬಹುದು. ಕೇಳಿದ ಪ್ರಶ್ನೆ ತನಗಲ್ಲ ಎಂಬಂತೆ ಪೆನ್ನಿನ ಮುಚ್ಚಳ ತೆಗೆದು ಹಾಕಬಹುದು. ತರಬೇತಿ ಕೊಡುವವರ ಕಣ್ಣು ಇತ್ತ ಹೊರಳಿದರೆ ತಲೆಯಾಡಿಸಬಹುದು.

ತಲೆಯಾಡಿಸುವುದರಲ್ಲಿ ನಮ್ಮ ಮೇಷ್ಟ್ರುಗಳನ್ನು ಮೀರಿಸಿದವರಿಲ್ಲ. ವರ್ಷಕ್ಕೊಂದು ತರಬೇತಿ, ತರಬೇತಿಗೊಂದು ಹೊಸ ಹೆಸರು. ಹೋಗಿ ಹೋಗಿ ಕೋಲೆಬಸವನೂ ನಾಚುವಷ್ಟು ಪಳಗಿಬಿಟ್ಟಿರುತ್ತಾರೆ. ಹನ್ನೊಂದಕ್ಕೆ ಟೀ, ಒಂದಕ್ಕೆ ಊಟ, ನಾಲ್ಕಕ್ಕೆ ಬಸ್ಸು. ಕಲಿತದ್ದನ್ನು ಹಾಲಿನ ಬಾಗಿಲಲ್ಲೇ ಚಪ್ಪಲಿಯ ಪಕ್ಕ ಬಿಟ್ಟು ಬಂದರೂ ಕೇಳುವವರಿಲ್ಲ.

ಈ ಸಲ ಮಾತ್ರ ಹಾಗೆ ಪಾರಾಗುವಂತಿರಲಿಲ್ಲ. ಮಾಲಾ ಪಾಠ ಮಾಡುವ ಹೊಸಪಾಳ್ಯದ ಸರ್ಕಾರಿ ಹೈಸ್ಕೂಲಿಗೆ, ಅಂದರೆ ಜಂಗಮಕೋಟೆಯಿಂದ ಒಳಕ್ಕೆ ಹಿಪ್ಪುನೇರಳೆ ತೋಟಗಳ ನಡುವೆ ಇರುವ ಶಾಲೆಗೆ, ಬೆಂಗಳೂರಿನ ಒಂದು ಕಂಪನಿ ಹೊಸ ಕಂಪ್ಯೂಟರುಗಳನ್ನು ಕಳಿಸಿತ್ತು. ಜೊತೆಗೊಂದು ಷರತ್ತು. ಶಾಲೆಯ ಒಬ್ಬ ಶಿಕ್ಷಕರು ಕಂಪ್ಯೂಟರ್ ವಿಜ್ಞಾನ ಕಲಿಸುವ ತರಬೇತಿ ಮುಗಿಸಬೇಕು. ಆಮೇಲೆ ತರಬೇತಿ ಕೊಟ್ಟವರೇ ಶಾಲೆಗೆ ಬಂದು ಒಂದು ಪಾಠ ನೋಡಿ, ಇವರು ಕಲಿಸಬಲ್ಲರು ಎಂದು ಬರೆದುಕೊಡಬೇಕು. ಇಲ್ಲವಾದರೆ ಡಬ್ಬಗಳು ಬಿಚ್ಚದೆ ಹಾಗೇ ಮಂಚೇನಹಳ್ಳಿ ಕಡೆಯ ಇನ್ನೊಂದು ಶಾಲೆಗೆ ಹೋಗುತ್ತವೆ. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹೊಸಪಾಳ್ಯದ ಮಟ್ಟಿಗೆ ಆ ಪೂಜಾರಿ ಮಾಲಾಳೇ ಆಗಿದ್ದಳು.

ಅವಳನ್ನು ಆರಿಸಿದವರು ಹೆಡ್‌ಮಾಸ್ಟರ್ ನರಸಿಂಹಮೂರ್ತಿ. "ಗಣಿತದೋರಿಗೆ ಕಂಪ್ಯೂಟರ್ ಏನ್ ಕಷ್ಟ ಮೇಡಂ? ಎರಡೂ ಅಣ್ಣತಮ್ಮಂದಿರು ಇದ್ದಂಗೆ" ಎಂದು ಅವಳ ಹೆಸರು ಬರೆದು ಕೈ ತೊಳೆದುಕೊಂಡರು. ಅಷ್ಟಕ್ಕೇ ಬಿಡದೆ ಡಬ್ಬಗಳಿಗೆ ಚೆಂಡುಹೂವಿನ ಹಾರ ಹಾಕಿಸಿ, ತೆಂಗಿನಕಾಯಿ ಒಡೆಸಿ, ಊರಿನವರ ಮುಂದೆ ಭಾಷಣವನ್ನೂ ಮಾಡಿದ್ದರು. ಈಗ ಡೈರಿಗೆ ಹಾಲು ಹಾಕಲು ಬಂದವರು, ಸೊಪ್ಪಿನ ಮೂಟೆ ಹೊತ್ತು ಹೋಗುವವರು, ಎಲ್ಲರೂ ಮಾಲಾಳನ್ನು ಕಂಡರೆ ಕೇಳುವುದು ಒಂದೇ ಮಾತು: "ಯಾವಾಗ ಬಿಚ್ತೀರಾ ಮೇಡಂ?"

ಇದು ಸಾಲದು ಎಂಬಂತೆ, ತರಬೇತಿ ಕೊಡಲು ಬಂದ ಹುಡುಗಿ ಅವಳ ಶಿಷ್ಯೆ. ಸಂಘಮಿತ್ರ. ಮಾಲಾ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಚಿಂತಾಮಣಿ ತಾಲ್ಲೂಕಿನಲ್ಲಿ ಮುರುಗಮಲ್ಲದ ಆಚೆಗಿನ ಶಾಲೆಯಲ್ಲಿ ಮೂರು ವರ್ಷ ಅವಳ ಕ್ಲಾಸಿನಲ್ಲಿ ಕೂತಿದ್ದಳು. ಈಗ ಕೂದಲು ಮೋಟು ಮಾಡಿಸಿಕೊಂಡು, ಖಾದಿ ಕುರ್ತಾ ಹಾಕಿಕೊಂಡು, ಮೈಕ್ ಬೇಡವೆಂದು ಗಟ್ಟಿ ದನಿಯಲ್ಲಿ ಪಾಠ ಮಾಡುತ್ತಿದ್ದಳು. ಮೊದಲ ದಿನವೇ ಬಂದು, ನಾನು ನಿಮ್ಮ ಶಿಷ್ಯೆ ಎಂದು ಹೇಳಿಕೊಂಡು ಕಾಲಿಗೆ ನಮಸ್ಕಾರ ಮಾಡಿದಾಗ ಮಾಲಾಳಿಗೆ ಹೆಮ್ಮೆಯಾಯಿತು. ಆಮೇಲೆ ಆ ಹೆಮ್ಮೆ ಉಳಿಯಲಿಲ್ಲ. ಶಿಷ್ಯೆ ಗುರುವಿಗೆ ಮಾರ್ಕ್ಸ್ ಹಾಕುವ ಕಾಲ ಬಂದಿತ್ತು.

ಮಾಲಾಳ ಕಾಲು ಸಿಕ್ಕಿಕೊಂಡದ್ದು ಎರಡನೇ ದಿನ. ಸಂಘಮಿತ್ರ ಬೋರ್ಡಿನ ಮೇಲೆ ಮೂರು ಸಾಲು ಬರೆದಳು. x = 5. ಅದರ ಕೆಳಗೆ x = x + 1. ಅದರ ಕೆಳಗೆ x ಅನ್ನು ತೋರಿಸು ಎಂದು ಕಂಪ್ಯೂಟರಿಗೆ ಹೇಳುವ ಒಂದು ಸಾಲು. ಎಲ್ಲರೂ ಟೈಪ್ ಮಾಡಿದರು. ಎಲ್ಲರಿಗೂ ಆರು ಬಂತು. ಮಾಲಾಳಿಗೂ ಬಂತು. ಬಂದದ್ದೇ ತಪ್ಪಾಯಿತು.

x = x + 1 ಹೇಗಾಗುತ್ತದೆ? ಎರಡೂ ಕಡೆ x ಕಳೆದರೆ ಸೊನ್ನೆ ಸಮ ಒಂದು. ಇಂಥದ್ದನ್ನು ಯಾವನಾದರೂ ಹುಡುಗ ಪರೀಕ್ಷೆಯಲ್ಲಿ ಬರೆದಿದ್ದರೆ ಕೆಂಪು ಪೆನ್ನಿನಲ್ಲಿ ಇಡೀ ಹಾಳೆಗೆ ಗೀಟು ಹೊಡೆದು, ಅಪ್ಪನನ್ನು ಕರೆದುಕೊಂಡು ಬಾ ಎನ್ನುತ್ತಿದ್ದಳು. ಇಲ್ಲಿ ಕಂಪ್ಯೂಟರ್ ನಾಚಿಕೆಯಿಲ್ಲದೆ ಆರು ಎನ್ನುತ್ತಿದೆ, ಸುತ್ತ ಕೂತ ಮೇಷ್ಟ್ರುಗಳು ಹೌದು ಹೌದು ಎನ್ನುತ್ತಿದ್ದಾರೆ. ತನಗೊಬ್ಬಳಿಗೇ ಯಾಕೆ ಗಂಟಲಲ್ಲಿ ಮುಳ್ಳು?

"ಅರ್ಥ ಆಗದೇ ಇದ್ದೋರು ಕೈ ಎತ್ತಿ" ಎಂದಳು ಸಂಘಮಿತ್ರ.

ಒಂದು ಕೈಯೂ ಏಳಲಿಲ್ಲ. ಅವಳು ಬೆಂಚುಗಳ ನಡುವೆ ನಡೆದು ಬಂದು, ಮಾಲಾಳ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದಳು. "ಮೇಡಂ, ಏನಾದ್ರೂ ಡೌಟ್ ಇದ್ಯಾ?"

"ಅಯ್ಯೋ ಇಲ್ಲಮ್ಮ, ಎಲ್ಲ ಕ್ಲಿಯರ್" ಎಂದಳು ಮಾಲಾ. ಶಿಷ್ಯೆಯ ಮುಂದೆ, ನಲವತ್ತು ಜನ ಮೇಷ್ಟ್ರುಗಳ ನಡುವೆ, ಮೂರೇ ಸಾಲು ಅರ್ಥವಾಗಲಿಲ್ಲ ಎನ್ನುವುದಕ್ಕಿಂತ ಈ ನೆಲ ಬಾಯಿಬಿಟ್ಟರೆ ಒಳ್ಳೆಯದಿತ್ತು. ಮೂರನೇ ದಿನ ಕೇಳೋಣ ಅಂದುಕೊಂಡಳು. ಅಷ್ಟು ಹೊತ್ತಿಗೆ ಪಾಠ ಎಷ್ಟೋ ಮುಂದೆ ಹೋಗಿತ್ತು, ಕೇಳುವುದು ಇನ್ನೂ ಕಷ್ಟವಾಯಿತು.

ಕೊನೆಯ ದಿನ ಸಂಘಮಿತ್ರ ಪಾಠ ನೋಡಲು ಬರುವ ನಿಯಮ ಹೇಳಿದಳು. "ನಾನು ಹಿಂದೆ ಸುಮ್ನೆ ಕೂತಿರ್ತೀನಿ. ಬೇಕಾದ್ರೆ ಒಂದು ಮಗುಗೆ ಪ್ರಶ್ನೆ ಕೇಳಿ ಅಂತ ನಿಮಗೆ ಹೇಳಬಹುದು, ಅಷ್ಟೆ. ನಾನೇ ಎದ್ದು ಬೋರ್ಡ್ ಹತ್ರ ಬರೋ ಹಂಗಾದ್ರೆ ಆ ಪಾಠ ಪಾಸ್ ಅಲ್ಲ. ದಯವಿಟ್ಟು ನನ್ನ ಎಬ್ಬಿಸ್ಬೇಡಿ."

ಎಲ್ಲರೂ ನಕ್ಕರು. ಮಾಲಾಳೂ ನಕ್ಕಳು, ನಗುತ್ತಲೇ ಆ ನಿಯಮ ಬರೆದುಕೊಂಡು ಕೆಳಗೆ ಎರಡು ಗೀಟು ಎಳೆದಳು.

ಊಟದ ಸಾಲಿನಲ್ಲಿ ಪಕ್ಕ ನಿಂತವರು ಗೌರಿಬಿದನೂರಿನ ರಮೇಶ್‌ಬಾಬು. ಅವರೂ ಗಣಿತದವರು. ನಿವೃತ್ತಿ ಹತ್ತಿರ ಬಂದವರ ನಿರಾಳ ಅವರ ಹೊಟ್ಟೆಯಲ್ಲೂ ಮಾತಿನಲ್ಲೂ ಕಾಣುತ್ತಿತ್ತು. ಮಾಲಾ ತನ್ನ ಮುಳ್ಳಿನ ವಿಷಯ ಹೇಳಲಿಲ್ಲ. ಸುಮ್ಮನೆ, ಭಯ ಆಗುತ್ತೆ ಸಾರ್ ಎಂದಳು.

"ಏನಮ್ಮ ನೀನು, ಇನ್ಸ್‌ಪೆಕ್ಷನ್ನೇ ನೋಡ್ದಿರೋಳ ಥರ ಆಡ್ತೀಯ" ಎಂದರು ರಮೇಶ್‌ಬಾಬು, ತಟ್ಟೆಗೆ ಇನ್ನೊಂದು ಹಪ್ಪಳ ಹಾಕಿಸಿಕೊಳ್ಳುತ್ತ. "ಹಸ್ತ-ಮುಷ್ಟಿ ಮಾಡಿಸ್ಬಿಡು. ಬೆಣ್ಣೆಯಿಂದ ಕೂದಲು ತೆಗೆದಂಗೆ ಮುಗೀತದೆ."

ಹಸ್ತ-ಮುಷ್ಟಿ ಹಳೆಯ ಪದ್ಧತಿ. ಯಾರು ಶುರು ಮಾಡಿದರೋ ಗೊತ್ತಿಲ್ಲ. ಮಾಲಾಳಿಗೆ ಅದನ್ನು ಕಲಿಸಿದವರು ಅವಳ ಮೊದಲ ಶಾಲೆಯ ಹಿರಿಯ ಮೇಷ್ಟ್ರು. ಅಧಿಕಾರಿ ಬಂದು ಹಿಂದೆ ಕೂತಾಗ, ಪ್ರಶ್ನೆ ಕೇಳಿದ ಕೂಡಲೇ ಇಡೀ ಕ್ಲಾಸು ಕೈ ಎತ್ತಬೇಕು. ಉತ್ತರ ಬರುವವರು ಅಂಗೈ ಬಿಡಿಸಿ ಎತ್ತಬೇಕು, ಬಾರದವರು ಮುಷ್ಟಿ ಹಿಡಿದು ಎತ್ತಬೇಕು. ಬಂದವರಿಗೆ ಎದ್ದು ನಿಂತ ಕೈಗಳಷ್ಟೇ ಕಾಣುತ್ತವೆ, ಎಂಥ ಚುರುಕು ಮಕ್ಕಳು ಎಂದು ಬರೆದುಕೊಂಡು ಹೋಗುತ್ತಾರೆ. ಮೇಷ್ಟ್ರು ಹಸ್ತದವರನ್ನು ಮಾತ್ರ ಎಬ್ಬಿಸಿ ಕೇಳುತ್ತಾರೆ. ಮುಷ್ಟಿಯವರನ್ನು ಯಾರೂ ಕೇಳುವುದಿಲ್ಲ, ಅದೇ ಒಪ್ಪಂದ. ಮಾಲಾ ಈ ಪದ್ಧತಿಯನ್ನು ವರ್ಷ ವರ್ಷವೂ ನಡೆಸಿಕೊಂಡು ಬಂದಿದ್ದಳು. ಅದರಲ್ಲೊಂದು ತಪ್ಪಿದೆ ಎಂದು ಅವಳಿಗೆ ಯಾವತ್ತೂ ಅನಿಸಿರಲಿಲ್ಲ. ಮಕ್ಕಳಿಗೆ ಅವಮಾನ ಆಗುವುದು ತಪ್ಪುತ್ತದಲ್ಲ ಎಂದೇ ಅಂದುಕೊಂಡಿದ್ದಳು.

ಮನೆಗೆ ಬಂದರೆ ಅತ್ತೆ ಕದಿರಮ್ಮ ರೇಷ್ಮೆಹುಳುವಿನ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದರು. ಹುಳುಗಳು ಪೊರೆ ಬಿಡುವ ಕೊನೆಯ ಜ್ವರದಿಂದ ಎದ್ದು ಬಕಾಸುರರಂತೆ ಮೇಯುತ್ತಿದ್ದವು. ಮಾಲಾ ಸೀರೆ ಎತ್ತಿ ಕಟ್ಟಿ ಕೈ ಜೋಡಿಸಿದಳು. ಕೈ ಸೊಪ್ಪಿನ ಮೇಲಿತ್ತು, ಮನಸ್ಸು ಆ ಮೂರು ಸಾಲಿನ ಮೇಲೆ.

"ಏಮ್ಮಾ, ಒಂದೇ ತಟ್ಟೆಗೆ ಎಷ್ಟು ಸಲ ಹಾಕ್ತೀಯ?" ಎಂದರು ಕದಿರಮ್ಮ. "ಆ ಕಡೇವು ಬಾಯಿ ಬಿಟ್ಕಂಡು ಕೂತವೆ ನೋಡು. ಟ್ರೈನಿಂಗಿಗೆ ಹೋಗಿ ಬಂದೆಯೋ, ಗಾಳಿ ಮೆಟ್ಟಿಸ್ಕಂಡು ಬಂದೆಯೋ?"

"ಗುರುವಾರ ಪಾಠ ನೋಡಕ್ಕೆ ಬರ್ತಾರೆ ಅತ್ತೆ. ಸರಿಯಾಗಿ ಮಾಡ್ದಿದ್ರೆ ಕಂಪ್ಯೂಟರೆಲ್ಲ ವಾಪಸ್ ಹೋಗ್ತವೆ."

"ಅಷ್ಟು ಭಯ ಇದ್ರೆ ಗೊತ್ತಿರೋರ್‍ನ ಕೇಳ್ಬಿಡು. ಕೇಳಿದ್ರೆ ಬಾಯಲ್ಲಿರೋ ಮುತ್ತು ಉದುರಿ ಹೋಗ್ತದಾ?"

ಅತ್ತೆಯ ಮಾತು ಸರಿಯೇ. ಆದರೆ ಗೊತ್ತಿರುವವಳು ಸಂಘಮಿತ್ರ, ಪಾಠ ನೋಡಲು ಬರುವವಳೂ ಸಂಘಮಿತ್ರ. ಫೋನ್ ಮಾಡಿ, ನನಗೆ ಬರುವುದಿಲ್ಲ ಕಣಮ್ಮ ಎಂದರೆ ಅಲ್ಲಿಗೆ ಎಲ್ಲ ಮುಗಿಯಿತು. ಮಾಲಾ ಎರಡು ಸಲ ಅವಳ ನಂಬರ್ ತೆಗೆದಳು, ಎರಡು ಸಲವೂ ಫೋನನ್ನು ಬೋರಲು ಹಾಕಿಟ್ಟಳು.

ಮಾರನೆಯ ದಿನ ಒಂಬತ್ತನೇ ಕ್ಲಾಸಿಗೆ ತಾಲೀಮು ಶುರುವಾಯಿತು. ಮೂರು ಸಾಲು ಬೋರ್ಡಿನ ಮೇಲೆ ಬರೆದಳು. ಮೊದಲ ಸಾಲಿಗೆ ಐದು, ಎರಡನೆಯ ಸಾಲು ಆದ ಮೇಲೆ ಆರು. ಯಾಕೆ ಎಂದು ಹೇಳುವ ಗೋಜಿಗೇ ಹೋಗಲಿಲ್ಲ. ಗೊತ್ತಿದ್ದರೆ ತಾನೆ ಹೇಳುವುದು? "ಇದು ಕಂಪ್ಯೂಟರ್ ರೂಲ್ಸು, ಹಂಗೇ ಬರ್ಕೊಳ್ರಪ್ಪ" ಎಂದಳು. ಮಕ್ಕಳು ಬರೆದುಕೊಂಡರು. ನಮ್ಮ ಮಕ್ಕಳು ಬಾಯಿಪಾಠದಲ್ಲಿ ಎತ್ತಿದ ಕೈ, ಅರ್ಧ ಗಂಟೆಯಲ್ಲಿ ಅರ್ಧ ಕ್ಲಾಸು ಆರು ಆರು ಎಂದು ಹಾಡತೊಡಗಿತು.

"ಈಗ ಹಸ್ತ-ಮುಷ್ಟಿ ನೋಡಣ. x ಎಷ್ಟು?"

ಕೈಗಳೆಲ್ಲ ಎದ್ದವು. ಹಸ್ತಗಳನ್ನು ಗುರುತು ಹಾಕಿಕೊಳ್ಳುತ್ತ ಬಂದ ಮಾಲಾಳ ಕಣ್ಣು ಕಿಟಕಿಯ ಪಕ್ಕ ನಿಂತಿತು. ಯಾಮಿನಿ ಮುಷ್ಟಿ ಎತ್ತಿದ್ದಳು. ಮಾತು ಕಡಿಮೆಯ ಹುಡುಗಿ, ಗಣಿತದಲ್ಲಿ ಮಾತ್ರ ಕ್ಲಾಸಿಗೇ ಮುಂದು.

"ನೀನೂನಾ?" ಎಂದಳು ಮಾಲಾ. ಹುಡುಗಿ ಏನೋ ಹೇಳಲು ಬಾಯಿ ತೆರೆದಳು. "ಆಯ್ತು ಬಿಡು, ಮುಷ್ಟೀನೇ ಇರ್ಲಿ" ಎಂದು ಮಾಲಾ ಮುಂದೆ ಹೋದಳು. ಕೇಳಿಸಿಕೊಳ್ಳಲು ಪುರುಸೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಧೈರ್ಯವಿರಲಿಲ್ಲ.

ಗುರುವಾರ ಬೆಳಿಗ್ಗೆ ಶಾಲೆಯ ಗೇಟಿಗೆ ಹೆಡ್‌ಮಾಸ್ಟರು ಮಾವಿನ ತೋರಣ ಕಟ್ಟಿಸಿದ್ದರು. ಒಂದು ಕಂಪ್ಯೂಟರನ್ನು ಮಾತ್ರ ಡಬ್ಬದಿಂದ ತೆಗೆದು ಒಂಬತ್ತನೇ ಕ್ಲಾಸಿನ ಮೇಜಿನ ಮೇಲೆ ಇಟ್ಟಿದ್ದರು; ಅದರ ಕೊರಳಲ್ಲೂ ಹೂವು. ಸಂಘಮಿತ್ರ ಬಸ್ಸಿಳಿದು ನಡೆದೇ ಬಂದಳು. ಕಾಫಿ ಆಮೇಲೆ ಕುಡಿತೀನಿ ಎಂದು ಹೇಳಿ ಹಿಂದಿನ ಬೆಂಚಿನಲ್ಲಿ ಮಕ್ಕಳ ಪಕ್ಕ ಕೂತಳು. ನರಸಿಂಹಮೂರ್ತಿ ಬಾಗಿಲಲ್ಲಿ ದ್ವಾರಪಾಲಕರ ಹಾಗೆ ನಿಂತರು.

ಪಾಠ ಶುರುವಾದ ಮೇಲೆ ಮಾಲಾಳಿಗೆ ಸ್ವಲ್ಪ ಉಸಿರು ಬಂತು. ಬಾಯಿಪಾಠ ಮಾಡಿದ ಮಾತುಗಳು ತಾವಾಗಿಯೇ ಬರುತ್ತಿದ್ದವು. ಕಂಪ್ಯೂಟರ್ ಅಂದರೆ ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಯಂತ್ರ ಎಂದಳು. ಮೂರು ಸಾಲು ಬರೆದಳು. ಕೂಡಿಸುವ ಚಿಹ್ನೆ ಸೊಟ್ಟಗಾಯಿತು, ಅಳಿಸಿ ಮತ್ತೆ ಬರೆದಳು.

"ಎರಡನೇ ಸಾಲು ಆದ್ಮೇಲೆ x ಎಷ್ಟು?"

ಇಡೀ ಕ್ಲಾಸು ಕೈ ಎತ್ತಿತು. ಬಾಗಿಲಲ್ಲಿ ಹೆಡ್‌ಮಾಸ್ಟರ ಮುಖ ಅರಳಿತು. ಮಾಲಾ ಮುಂದಿನ ಸಾಲಿನ ಒಂದು ಹಸ್ತ ನೋಡಿ, "ಜಗನ್, ನೀನು ಹೇಳಪ್ಪ" ಎಂದಳು.

"ಆರು ಮೇಡಂ!"

"ಶಭಾಷ್."

ಇನ್ನೇನು ಕಂಪ್ಯೂಟರಿನ ಮೇಲೆ ಅದನ್ನೇ ಮಾಡಿ ತೋರಿಸಿ ಮುಗಿಸಬೇಕು, ಅಷ್ಟರಲ್ಲಿ ಹಿಂದಿನಿಂದ ಸಂಘಮಿತ್ರಳ ದನಿ ಬಂತು. "ಮೇಡಂ, ಒಂದೇ ಪ್ರಶ್ನೆ. ಕಿಟಕಿ ಪಕ್ಕ ಇದಾಳಲ್ಲ, ಆ ಹುಡುಗೀನ ಕೇಳಿ."

ಕಿಟಕಿಯ ಪಕ್ಕ ಇದ್ದದ್ದು ಯಾಮಿನಿ. ಕೈ ಇನ್ನೂ ಮೇಲಿತ್ತು, ಬೆರಳುಗಳು ಬಿಗಿಯಾಗಿ ಮಡಿಚಿದ್ದವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಮಾಲಾ ತನ್ನ ಕೈಯನ್ನೇ ಒಮ್ಮೆ ಸೆರಗಿಗೆ ಒರೆಸಿಕೊಂಡಳು.

"ಯಾಮಿನಿ, ಹೇಳಮ್ಮ. x ಎಷ್ಟು?"

ಹುಡುಗಿ ಎದ್ದು ನಿಂತಳು. ಕೈ ಇಳಿಸುವುದೋ ಬೇಡವೋ ತಿಳಿಯದೆ ಹಾಗೇ ಹಿಡಿದುಕೊಂಡಳು. ಏನೋ ತಪ್ಪಾಗಿದೆ, ಮೇಡಂ ಸರಿಯಾಗಿ ನೋಡಿಲ್ಲ ಎಂದುಕೊಂಡಳೋ ಏನೋ, ಕೈಯನ್ನು ಇನ್ನಷ್ಟು ಮೇಲಕ್ಕೆ ಎತ್ತಿ ತೋರಿಸಿದಳು.

"ಮೇಡಂ, ನಂದು ಮುಷ್ಟಿ."

ಯಾರೋ ಒಬ್ಬ ಕಿಸಕ್ಕೆಂದ. ನರಸಿಂಹಮೂರ್ತಿ ಜೋರಾಗಿ ಕೆಮ್ಮಿದರು. ಕೆಮ್ಮುತ್ತಲೇ ಕೂರಿಸು ಕೂರಿಸು ಎಂದು ಕೈಸನ್ನೆ ಮಾಡಿದರು. ಹುಡುಗಿ ಹೆದರಿದ್ದಾಳೆ, ಇನ್ನೊಬ್ಬರನ್ನು ಕೇಳೋಣ ಎನ್ನುವ ಮಾತು ಮಾಲಾಳ ನಾಲಿಗೆಯ ತುದಿಗೆ ಬಂದಿತ್ತು.

ಯಾಮಿನಿಯ ಕಣ್ಣು ತುಂಬಿಕೊಂಡಿತು. ಆ ಮುಖ ಮಾಲಾಳಿಗೆ ಗುರುತು ಸಿಕ್ಕಿತು. ಸಿಕ್ಕಿಬಿದ್ದೆ, ಎಲ್ಲರಿಗೂ ಗೊತ್ತಾಯಿತು, ಈಗ ಏನು ಮಾಡಲಿ ಎನ್ನುವ ಮುಖ. ಆ ಮುಖ ಹೊತ್ತುಕೊಂಡೇ ತಾನು ಒಂದು ವಾರ ಬಸ್ಸಿನಲ್ಲಿ ಓಡಾಡಿದ್ದಳು. ಪಾಪದ ಮಗು, ಎನಿಸಿತು ಅವಳಿಗೆ; ಜೊತೆಗೆ ತನ್ನ ಬಗ್ಗೆಯೂ ಅಷ್ಟೇ ಪಾಪ ಎನಿಸಿತು.

"ಅಳ್ಬೇಡ ಕಣಮ್ಮ. ಎಲ್ಲಿ ಅರ್ಥ ಆಗ್ಲಿಲ್ಲ? ಹೇಳು."

ಹುಡುಗಿ ಮೂಗೆಳೆದುಕೊಂಡು ಬೋರ್ಡಿನ ಕಡೆ ಬೆರಳು ಮಾಡಿದಳು. "ಎರಡನೇ ಸಾಲು ಮೇಡಂ. ಎರಡೂ ಕಡೆ x ತೆಗೆದ್ರೆ ಸೊನ್ನೆ ಸಮ ಒಂದು ಆಗುತ್ತೆ. ಅದು ತಪ್ಪಲ್ವಾ? ಸಮ ಅಂದ್ರೆ ತಕ್ಕಡಿ ಇದ್ದಂಗೆ, ಎರಡೂ ಕಡೆ ಒಂದೇ ತೂಕ ಇರ್ಬೇಕು ಅಂತ ನೀವೇ ಹೇಳ್ಕೊಟ್ರಲ್ಲ. ಎಲ್ರೂ ಆರು ಅಂತಾರೆ, ನಂಗೆ ಮಾತ್ರ ಬರಲ್ಲ."

ಮಾಲಾ ಬೋರ್ಡ್ ನೋಡಿದಳು. ಅವಳ ಗಂಟಲಿನ ಮುಳ್ಳನ್ನು ಈ ಹುಡುಗಿ ಕಿತ್ತು ಎಲ್ಲರೆದುರು ಹಿಡಿದು ತೋರಿಸಿದಂತಿತ್ತು. ಇಡೀ ಕ್ಲಾಸಿನಲ್ಲಿ ತನ್ನ ಗಣಿತವನ್ನು ನಿಜವಾಗಿ ಕಲಿತವಳು ಮುಷ್ಟಿ ಎತ್ತಿದ್ದಾಳೆ!

ಇದು ಕಂಪ್ಯೂಟರ್ ರೂಲ್ಸು, ಹಾಗೇ ಬರ್ಕೋ. ಅಷ್ಟು ಹೇಳಿದ್ದರೆ ಸಾಕಿತ್ತು. ಯಾಮಿನಿ ತಲೆಯಾಡಿಸಿ ಕೂರುತ್ತಿದ್ದಳು. ಹೆಡ್‌ಮಾಸ್ಟರ ತೋರಣ, ಊರಿನವರ ಆಸೆ, ಡಬ್ಬಗಳು, ಎಲ್ಲ ಇದ್ದಲ್ಲೇ ಇರುತ್ತಿದ್ದವು. ಮಾಲಾ ಬಾಯಿ ತೆರೆದಳು. ಆ ಮಾತು ಬರಲಿಲ್ಲ. ಎರಡನೇ ದಿನ ಸಂಘಮಿತ್ರ ಬಗ್ಗಿ ಕೇಳಿದಾಗ ಬರದ ಮಾತು ಈಗ ಬಂತು.

"ನಂಗೂ ಅಲ್ಲೇ ಅರ್ಥ ಆಗಿಲ್ಲ ಯಾಮಿನಿ."

"ಮೇಡಂ!" ಎಂದರು ಬಾಗಿಲಲ್ಲಿದ್ದ ಹೆಡ್‌ಮಾಸ್ಟರು.

ಮಾಲಾ ಅತ್ತ ನೋಡಲಿಲ್ಲ. ಹಿಂದಿನ ಬೆಂಚಿನ ಕಡೆ ತಿರುಗಿದಳು. "ನೀವೇ ಬಂದು ಹೇಳ್ಬೇಕು."

"ನಾನು ಎದ್ದು ಬಂದ್ರೆ ಏನಾಗುತ್ತೆ ಅಂತ ಗೊತ್ತಲ್ವಾ ಮೇಡಂ?" ಎಂದಳು ಸಂಘಮಿತ್ರ.

"ಗೊತ್ತು. ಬಾಮ್ಮ."

ಸಂಘಮಿತ್ರ ಎದ್ದು ಬಂದಳು. ಸೀಮೆಸುಣ್ಣ ಕೈಗೆ ತೆಗೆದುಕೊಳ್ಳಲಿಲ್ಲ. ಯಾಮಿನಿಯನ್ನೇ ಕೇಳಿದಳು. "ನಿಮ್ಮನೆಯಿಂದ ಡೈರಿಗೆ ಹಾಲು ಹಾಕ್ತೀರಾ?"

"ಹಾಕ್ತೀವಿ ಮೇಡಂ."

"ಕ್ಯಾನಲ್ಲಿ ಐದು ಲೀಟರ್ ಇದೆ ಅಂದ್ಕೊ. ಇನ್ನೊಂದು ಲೀಟರ್ ಸುರಿದೆ. ಈಗ ಕ್ಯಾನಲ್ಲಿ ಎಷ್ಟು?"

"ಆರು."

"ಈ x ಅನ್ನೋದು ಆ ಕ್ಯಾನು. ಇದು ತಕ್ಕಡಿ ಲೆಕ್ಕ ಅಲ್ಲ, ಇಲ್ಲಿ ಯಾರೂ ಏನೂ ತೂಗ್ತಿಲ್ಲ. ಕ್ಯಾನಲ್ಲಿ ಎಷ್ಟಿದೆ ನೋಡು, ಒಂದು ಸೇರಿಸು, ಬಂದಿದ್ದನ್ನ ಅದೇ ಕ್ಯಾನಿಗೆ ಹಾಕು ಅಂತ ಯಂತ್ರಕ್ಕೆ ಕೆಲಸ ಹೇಳ್ತಿದೀವಿ. ಬಲಗಡೆ ಮೊದಲು ಮಾಡು, ಆಮೇಲೆ ಎಡಗಡೆ ಹಾಕು. ಅಷ್ಟೆ."

ಅಷ್ಟೆಯೇ? ಮಾಲಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟಕ್ಕಾಗಿ ವಾರವೆಲ್ಲ ನಿದ್ದೆಗೆಟ್ಟಿದ್ದಳು! ತಲೆಯೊಳಗೆ ಕಟ್ಟಿ ಹಾಕಿದ್ದ ಏನೋ ಬಿಚ್ಚಿಕೊಂಡಿತು. ಯಾರನ್ನೂ ಕೇಳದೆ ಮೇಜಿನ ಮೇಲಿಂದ ಸೀಮೆಸುಣ್ಣ ತೆಗೆದುಕೊಂಡು, ಮೂರನೇ ಸಾಲಿನ ಜಾಗದಲ್ಲಿ x = x * 2 ಎಂದು ಬರೆದಳು. "ಈ ನಕ್ಷತ್ರ ಅಂದ್ರೆ ಗುಣಿಸೋದು. ಹಂಗಾದ್ರೆ ಇದು?"

ಯಾಮಿನಿ ಬೋರ್ಡಿನ ಮೇಲೆ ಕಣ್ಣಿಟ್ಟು ತುಟಿಯಲ್ಲೇ ಎಣಿಸಿದಳು. "ಈಗ ಕ್ಯಾನಲ್ಲಿ ಆರಿದೆ. ಎರಡರಷ್ಟು ಮಾಡಿ ಅದಕ್ಕೇ ಹಾಕಿದ್ರೆ… ಹನ್ನೆರಡು."

ಅಷ್ಟರಲ್ಲಿ ಮುಂದಿನ ಸಾಲಿನ ಜಗನ್ ಅಂಗೈ ಬಿಡಿಸಿ ಎತ್ತಿ ಕೂಗಿದ. "ಆರು ಮೇಡಂ!"

ಮಾಲಾ ಅವನನ್ನು ನೋಡಿದಳು. ಅವನ ಹಿಂದೆ ಎದ್ದಿದ್ದ ಉಳಿದ ಹಸ್ತಗಳನ್ನೂ ನೋಡಿದಳು. ಅವರಿಗೂ ಗೊತ್ತಿದ್ದದ್ದು ಆ ಒಂದು ಆರು ಮಾತ್ರ.

ಪಾಠ ಮುಗಿದ ಮೇಲೆ ಹೆಡ್‌ಮಾಸ್ಟರ ಕೊಠಡಿಯಲ್ಲಿ ಕಾಫಿ ಆರುತ್ತಿತ್ತು. ನರಸಿಂಹಮೂರ್ತಿ ಬೋಂಡದ ತಟ್ಟೆಯನ್ನು ಸಂಘಮಿತ್ರಳ ಕಡೆ ತಳ್ಳಿದರು. "ನೋಡಮ್ಮ, ನೀನೂ ಇವರ ಶಿಷ್ಯೆ. ನಮ್ಮ ಕಡೆ ಹುಡುಗಿ. ಒಂದ್ ನಿಮಿಷ ನೀನು ಎದ್ದಿದ್ದನ್ನ ಯಾರ್ ನೋಡಿದಾರೆ?"

"ಇಡೀ ಕ್ಲಾಸ್ ನೋಡಿದೆ ಸಾರ್" ಎಂದಳು ಸಂಘಮಿತ್ರ. "ಪಾಸ್ ಅಂತ ಬರಿಯಕ್ಕಾಗಲ್ಲ. ಮುಂದಿನ ತಂಡ ಗೌರಿಬಿದನೂರಲ್ಲಿ ಶುರುವಾಗುತ್ತೆ, ಅದಕ್ಕೆ ಮೇಡಂ ಹೆಸರು ಸೇರಿಸ್ತೀನಿ. ಆದ್ರೆ ಕಂಪ್ಯೂಟರ್ ಅಲ್ಲೀವರೆಗೂ ಇಲ್ಲಿ ಇಡಕ್ಕೆ ಕಂಪನಿಯೋರು ಬಿಡಲ್ಲ. ಮತ್ತೆ ಸಿಗ್ತವೆ ಅಂತ ಮಾತು ಕೊಡಕ್ಕೂ ನನ್ನ ಕೈಲಿ ಆಗಲ್ಲ."

ನರಸಿಂಹಮೂರ್ತಿ ಬೋಂಡದ ತಟ್ಟೆಯನ್ನು ಮತ್ತೆ ತಮ್ಮ ಕಡೆ ಎಳೆದುಕೊಂಡರು. ಮಾಲಾಳ ಕಡೆ ತಿರುಗಲೂ ಇಲ್ಲ.

ಮಾಲಾ ಸಂಘಮಿತ್ರಳನ್ನು ಬಸ್ ಸ್ಟಾಪಿನವರೆಗೆ ಕಳಿಸಲು ಹೋದಳು. ಬೇಸರವಿತ್ತು, ಆದರೆ ಅದಕ್ಕಿಂತ ದೊಡ್ಡದಾಗಿ ಒಂದು ಪ್ರಶ್ನೆ ಕೊರೆಯುತ್ತಿತ್ತು. ಅಷ್ಟು ಕೈಗಳಲ್ಲಿ ಇವಳು ಸರಿಯಾಗಿ ಮುಷ್ಟಿಯನ್ನೇ ಹುಡುಕಿ ತೆಗೆದದ್ದು ಹೇಗೆ?

"ನಿಂಗೆ ಹಸ್ತ-ಮುಷ್ಟಿ ಗೊತ್ತಿತ್ತಾ?" ಎಂದು ಕೊನೆಗೆ ಕೇಳಿದಳು.

"ನೀವೇ ಹೇಳ್ಕೊಟ್ಟಿದ್ದಲ್ವಾ ಮೇಡಂ. ನಂದು ಮೂರು ವರ್ಷವೂ ಮುಷ್ಟೀನೇ" ಎಂದಳು ಸಂಘಮಿತ್ರ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಮಾಲಾಳಿಗೆ ಹೆಚ್ಚು ಚುಚ್ಚಿತು. "ಮೊದಮೊದಲು ಖುಷಿಯಾಗ್ತಿತ್ತು, ನನ್ನ ಯಾರೂ ಕೇಳಲ್ಲ ಅಂತ. ಆಮೇಲೆ ಇನ್ಸ್‌ಪೆಕ್ಟರ್ ಇಲ್ದೇ ಇದ್ದಾಗ್ಲೂ ಯಾರೂ ಕೇಳೋದು ಬಿಟ್ರು. ಕಾಲೇಜಿಗೆ ಹೋದ್ಮೇಲೆ ಎಂಟನೇ ಕ್ಲಾಸಿನ ಪುಸ್ತಕ ಇಟ್ಕೊಂಡು ಎಲ್ಲ ಮೊದಲಿಂದ ಕಲಿತೆ."

ಮಾಲಾ ಆ ಹಳೆಯ ಕ್ಲಾಸನ್ನು ನೆನಪಿಗೆ ತಂದುಕೊಳ್ಳಲು ನೋಡಿದಳು. ಆಗಿನ ಹಸ್ತದವರ ಹೆಸರು ಒಂದೊಂದೂ ನೆನಪಿತ್ತು. ಈ ಹುಡುಗಿ ಎಲ್ಲಿ ಕೂರುತ್ತಿದ್ದಳು ಎಂಬುದು ಮಾತ್ರ ಎಷ್ಟು ತಡಕಿದರೂ ಸಿಗಲಿಲ್ಲ. ತಪ್ಪಾಯ್ತು ಕಣಮ್ಮ ಎನ್ನಬೇಕೆಂದುಕೊಂಡಳು, ಬಸ್ಸು ಬಂದುಬಿಟ್ಟಿತು. ಸಂಘಮಿತ್ರ ಹತ್ತುವ ಮುಂಚೆ ಮತ್ತೆ ಬಗ್ಗಿ ಕಾಲು ಮುಟ್ಟಿದಳು. ಮಾಲಾಳಿಗೆ ಕಾಲು ಹಿಂದಕ್ಕೆ ಎಳೆದುಕೊಳ್ಳುವಷ್ಟು ನಾಚಿಕೆಯಾಯಿತು.

ಸೋಮವಾರ ಡಬ್ಬಗಳನ್ನು ಒಯ್ಯಲು ಟೆಂಪೋ ಬಂತು. ನರಸಿಂಹಮೂರ್ತಿ ರಜೆ ಹಾಕಿದ್ದರು. ಊರಿನ ನಾಲ್ಕೈದು ಜನ ಗೇಟಿನಾಚೆ ನಿಂತು ನೋಡುತ್ತಿದ್ದರು; ಒಬ್ಬರು, ಗಣಿತದ ಮೇಡಂಗೇ ಬರಲಿಲ್ಲವಂತೆ ಎಂದು ಅವಳಿಗೆ ಕೇಳಿಸುವ ಹಾಗೆಯೇ ಹೇಳಿದರು. ಮಾಲಾ ಜಗುಲಿಯ ಕಂಬ ಹಿಡಿದು ನಿಂತಿದ್ದಳು. ನಾಳೆಯಿಂದ ಈ ಊರಿನಲ್ಲಿ ತಲೆ ಎತ್ತಿ ಓಡಾಡುವುದು ಹೇಗೆ ಎಂದು ಯೋಚಿಸುತ್ತಿದ್ದಳು. ಗೌರಿಬಿದನೂರಿನಲ್ಲೂ ಬಾರದಿದ್ದರೆ?

ಟೆಂಪೋ ತಿರುವು ದಾಟಿದ ಮೇಲೆ ಯಾಮಿನಿ ಹತ್ತಿರ ಬಂದು ನಿಂತಳು. ಗುರುವಾರದಿಂದ ಕ್ಲಾಸಿನ ಹುಡುಗರು ಅವಳನ್ನು ಮಾತಾಡಿಸುತ್ತಿರಲಿಲ್ಲ. ಅದು ಮಾಲಾಳಿಗೂ ಗೊತ್ತಿತ್ತು.

"ಮೇಡಂ, ನಾನು ಸುಮ್ನೆ ಆರು ಅಂದಿದ್ರೆ ಕಂಪ್ಯೂಟರ್ ಇಲ್ಲೇ ಇರ್ತಿದ್ವಲ್ವಾ?"

ಮಾಲಾಳಿಗೆ ಸುಳ್ಳು ಹೇಳಿ ಸಮಾಧಾನ ಮಾಡುವುದು ಸುಲಭವಿತ್ತು. ಇಪ್ಪತ್ತು ವರ್ಷದ ಅಭ್ಯಾಸ.

"ಇರ್ತಿದ್ವು ಕಣಮ್ಮ" ಎಂದಳು. "ಕಂಪ್ಯೂಟರ್ ಇರ್ತಿದ್ವು. ನಿಂಗೂ ಬರ್ತಿರ್ಲಿಲ್ಲ, ನಂಗೂ ಬರ್ತಿರ್ಲಿಲ್ಲ."

ಹುಡುಗಿ ಕಾಲಿನ ಹೆಬ್ಬೆರಳಿನಲ್ಲಿ ಜಗುಲಿಯ ಮಣ್ಣು ಕೆರೆದಳು. ಆಮೇಲೆ ತಲೆ ಎತ್ತಿ, "ಹಂಗಾದ್ರೆ ಇನ್ನೊಂದು ಕೇಳ್ಲಾ ಮೇಡಂ? ನಂಗೆ ಇನ್ನೂ ಒಂದು ಅರ್ಥ ಆಗಿಲ್ಲ" ಎಂದಳು.

ಮಾಲಾ ಕಂಬ ಬಿಟ್ಟು ಜಗುಲಿಯ ಮೇಲೆ ಕೂತಳು. ಇದೂ ತನಗೆ ಗೊತ್ತಿಲ್ಲದ್ದೇ ಆಗಿರಬಹುದು. ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಕೇಳು" ಎಂದಳು.